ಗ್ರಂಥಾಲಯದ ಅಂಗಳ

ಗ್ರಂಥಾಲಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಪುಸ್ತಕದ ಕಪಾಟು, ಉದ್ದನೆಯ ಮೇಜು, ಗೋಡೆಯ ಮೇಲೆ ‘ನಿಶ್ಶಬ್ದ’ ಎಂಬ ಫಲಕ. ಅದರ ಅಂಗಳ ಯಾರ ನೆನಪಿಗೂ ಬರುವುದಿಲ್ಲ. ಆದರೆ ಓದುಗನಾದವನು ಕಪಾಟಿನ ಬಳಿಗೆ ಆಕಾಶಮಾರ್ಗದಿಂದ ಇಳಿದುಬರುವವನಲ್ಲ. ಬೀದಿಯಿಂದ ಗೇಟಿಗೆ, ಗೇಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬಾಗಿಲಿಗೆ ನಡೆದೇ ಬರಬೇಕು. ಆ ಐವತ್ತು ಅರವತ್ತು ಹೆಜ್ಜೆಗಳ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಸಾಹಿತ್ಯ ಹೇಳಿಕೊಟ್ಟ ಮೇಷ್ಟರು. ಇಂಜಿನಿಯರನಲ್ಲ, ತೋಟಗಾರನೂ ಅಲ್ಲ. ಆದರೂ ಈ ವಿಷಯ ನನ್ನ ತಲೆಗೆ ಹತ್ತಿಕೊಂಡಿತು. ನಮ್ಮ ಊರಿಗೆ ಗ್ರಂಥಾಲಯದ ಹೊಸ ಕಟ್ಟಡ ಮಂಜೂರಾದಾಗ, ಹಳೆಯ ಓದುಗನೆಂಬ ಸಲುಗೆಯಿಂದ ನನ್ನನ್ನೂ ಒಂದು ಸಭೆಗೆ ಕರೆದರು. ಮೇಜಿನ ಮೇಲೆ ನಕ್ಷೆ ಹರಡಿದ್ದರು. ಒಳಗಿನ ಒಂದೊಂದು ಕಿಟಕಿಗೂ ಅಳತೆ ಬರೆದಿತ್ತು. ಹೊರಗೆ ಗೇಟಿನ ತನಕ ಬರಿಯ ಬಿಳಿ ಕಾಗದ. ನಡುವೆ ‘ಉದ್ಯಾನ’ ಎಂದು ಒಂದೇ ಮಾತು. ಹಣ ಉಳಿದರೆ ನೋಡೋಣವೆಂದರು. ಅದೇ ಸಭೆಯಲ್ಲಿ ಇನ್ನೊಂದು ಸಲಹೆಯೂ ಬಂತು: ಸಂಜೆ ಆರರ ಮೇಲೆ ಓದುಗರು ಬರುತ್ತಿಲ್ಲವಾದ್ದರಿಂದ, ಹೊಸ ಕಟ್ಟಡದಲ್ಲಿ ಎಂಟರವರೆಗೆ ತೆರೆದಿಡದೆ ಆರಕ್ಕೇ ಮುಚ್ಚಬಹುದು.

ಈ ಎರಡಕ್ಕೂ ನಂಟಿದೆಯೆಂದು ಅಂದು ನನಗೂ ಹೊಳೆಯಲಿಲ್ಲ. ನಾಲ್ಕು ದಿನ ಕಳೆದು ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಬಟ್ಟೆಯಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವಳದು. ಕೆಲಸ ಬಿಟ್ಟೊಡನೆ ಬಂದು ಕಾದಂಬರಿ ಬದಲಾಯಿಸಿಕೊಂಡು ಹೋಗುತ್ತಿದ್ದವಳು. “ಈಚೆಗೆ ಗ್ರಂಥಾಲಯದಲ್ಲಿ ಕಾಣುವುದೇ ಇಲ್ಲವಲ್ಲಮ್ಮ?” ಎಂದೆ. “ಒಳಗೇನೋ ಲೈಟಿರುತ್ತೆ ಸಾರ್. ಗೇಟಿಂದ ಬಾಗಿಲವರೆಗೆ ಬರೋದಕ್ಕೇ ಭಯವಾಗುತ್ತೆ. ಆ ಬೇಲಿ ಆಳೆತ್ತರ ಬೆಳೆದುಬಿಟ್ಟಿದೆ” ಎಂದಳು. ಓದುಗರು ಬಾರರೆಂದು ಬಾಗಿಲು ಮುಚ್ಚಹೊರಟವರು ನಾವು. ದಾರಿ ಕತ್ತಲೆಂದು ಬಾರದವರು ಅವರು. ಸಭೆಯ ಕಡತದಲ್ಲಿ ಮಾತ್ರ ‘ಸಂಜೆ ಓದುಗರ ಆಸಕ್ತಿ ಕಡಿಮೆ’ ಎಂದು ದಾಖಲಾಗಿತ್ತು.

ಪಂಚಾಂಗವನ್ನೊಮ್ಮೆ ನೋಡಿ. ಬೆಂಗಳೂರಿನ ಆಸುಪಾಸಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು ಸುಮಾರು 5-50ಕ್ಕೆ, ಜುಲೈ ತಿಂಗಳಿನಲ್ಲಿ 6-50ರ ಸುಮಾರಿಗೆ. ದುಡಿಯುವ ಜನಕ್ಕೆ ಪುಸ್ತಕಕ್ಕಾಗಿ ಒದಗುವ ಹೊತ್ತು ಇದರ ಆಚೆಯದು. ಹಗಲೆಲ್ಲ ತೆರೆದು ಸಂಜೆ ಮುಚ್ಚುವ ಗ್ರಂಥಾಲಯ ನನ್ನಂಥ ನಿವೃತ್ತರಿಗೆ ಅನುಕೂಲವೇ ಹೊರತು ಅಂಗಡಿಯ ಹುಡುಗಿಗಲ್ಲ.

ಹಾಗಾದರೆ ದೀಪ ಹಾಕಿದರಾಯಿತಲ್ಲ ಎನ್ನುವಿರಿ. ಹೇಗೆ ಹಾಕುತ್ತೇವೆಂಬುದೇ ಪ್ರಶ್ನೆ. ನಮ್ಮಲ್ಲಿ ರೂಢಿಯೆಂದರೆ ಕಟ್ಟಡದ ಹಣೆಗೆ ಒಂದು ಭಾರಿ ದೀಪ ಕಟ್ಟಿ ಗೇಟಿನ ಕಡೆಗೆ ತಿರುಗಿಸುವುದು. ಒಳಗೆ ಬರುವವನ ಮುಖಕ್ಕೆ ಅದು ನೇರವಾಗಿ ಬಡಿಯುತ್ತದೆ. ಕಣ್ಣು ತನ್ನೆದುರಿನ ಅತಿ ಪ್ರಖರವಾದ ಬೆಳಕಿಗೆ ಹೊಂದಿಕೊಳ್ಳುವುದರಿಂದ ಕಾಲಕೆಳಗಿನ ಮೆಟ್ಟಿಲು ಇನ್ನಷ್ಟು ಕಪ್ಪಾಗುತ್ತದೆ. ಬೇಲಿಯ ಹಿಂದಿನ ನೆರಳು ಇನ್ನಷ್ಟು ಗಾಢವಾಗುತ್ತದೆ. ದಾರಿಗೆ ಬೇಕಾದದ್ದು ಹೆಚ್ಚು ಬೆಳಕಲ್ಲ, ಸಮನಾದ ಬೆಳಕು. ಓದುವ ಮೇಜಿಗೆ 300ರಿಂದ 500 ಲಕ್ಸ್ ಬೆಳಕು ಬೇಕು. ನಡೆಯುವ ದಾರಿಗೆ ಹತ್ತಿಪ್ಪತ್ತು ಲಕ್ಸ್ ಸಾಕು. ಆದ್ದರಿಂದ ಒಂದು ದೊಡ್ಡ ದೀಪಕ್ಕೆ ಬದಲು, ಬೆಳಕನ್ನು ಕೆಳಕ್ಕೆ ಮಾತ್ರ ಚೆಲ್ಲುವ ಮುಚ್ಚಳದ ಐದಾರು ಸಣ್ಣ ದೀಪಗಳು ಮೇಲು. ಎದುರಿಗೆ ಬರುವವರ ಮುಖ ನಾಲ್ಕು ಮಾರು ದೂರದಲ್ಲಿಯೇ ಗುರುತು ಸಿಗಬೇಕು, ಮೆಟ್ಟಿಲಿನ ಅಂಚು ಕಾಣಬೇಕು. ಎಲ್.ಇ.ಡಿ. ದೀಪಗಳು ಬಂದಮೇಲೆ ಕರೆಂಟಿನ ಖರ್ಚಿನ ನೆಪವೂ ಉಳಿದಿಲ್ಲ.

ಬೆಳಕಿನ ಬಣ್ಣದ ಮಾತೂ ಇದೆ. ಅಂಗಡಿಯವರು ನೀಲಿಬಿಳುಪಿನ ದೀಪವನ್ನೇ ಮುಂದೆ ಮಾಡುತ್ತಾರೆ. 3000 ಕೆಲ್ವಿನ್ ಎಂದು ಡಬ್ಬಿಯ ಮೇಲೆ ನಮೂದಾದ ಹಳದಿಯ ಛಾಯೆಯ ದೀಪ ಕಣ್ಣಿಗೆ ಹಿತ. ಹುಳುಗಳನ್ನು ಸೆಳೆಯುವುದೂ ಕಡಿಮೆ. ಗ್ರಂಥಾಲಯಕ್ಕೆ ಈ ಹುಳುವಿನ ಮಾತು ಸಣ್ಣದಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಮೂಡಿದ ಗೆದ್ದಲುಗಳು ನೆಲದಿಂದೆದ್ದು ದೀಪಕ್ಕೆ ಮುತ್ತುವುದನ್ನು ಎಲ್ಲರೂ ಕಂಡಿದ್ದೇವೆ. ದೀಪದಡಿಯಲ್ಲಿ ರೆಕ್ಕೆ ಕಳಚಿ, ಜೋಡಿಯಾಗಿ, ಅಲ್ಲೇ ಮಣ್ಣಿಗಿಳಿದು ಹೊಸ ಸಂಸಾರ ಹೂಡುವ ಜಾತಿ ಅದು. ಬಾಗಿಲ ನೆತ್ತಿಯ ಮೇಲೆ ಪ್ರಖರವಾದ ದೀಪ ಹಚ್ಚುವುದೆಂದರೆ ಪುಸ್ತಕದ ಪರಮಶತ್ರುವನ್ನು ಅಕ್ಷತೆ ಕೊಟ್ಟು ಕರೆದಂತೆ. ದೀಪ ಸ್ವಲ್ಪ ದೂರದ ಕಂಬದಲ್ಲಿದ್ದು ಬಾಗಿಲಿನ ಕಡೆಗೆ ಬೆಳಕು ಬೀರಲಿ.

ಇನ್ನು ದೀಪದ ಗುಂಡಿ ಎಲ್ಲಿರಬೇಕು? ನಮ್ಮ ಹಳೆಯ ಕಟ್ಟಡದಲ್ಲಿ ಅದು ಬೀಗ ಹಾಕಿದ ಕೋಣೆಯೊಳಗಿತ್ತು. ಬೀಗದ ಕೈ ಸಂಜೆ ಐದೂವರೆಗೆ ಮನೆಗೆ ಹೋಗುವವರ ಜೇಬಿನಲ್ಲಿತ್ತು. ಕತ್ತಲಾದೊಡನೆ ತಾನಾಗಿ ಹೊತ್ತಿಕೊಳ್ಳುವ ಸಾಧನ ದುಬಾರಿಯದೇನಲ್ಲ. ಕರೆಂಟು ಹೋದಾಗ ಒಳಗಿನ ಫ್ಯಾನು ನಿಂತರೂ ಚಿಂತೆಯಿಲ್ಲ, ದಾರಿಯ ದೀಪ ಇನ್‌ವರ್ಟರಿನ ಮೇಲೆ ಉರಿಯುವಂತಿರಬೇಕು.

ದೀಪದ ಮಾತು ಬಂದಾಗ ಬೆಂಗಳೂರಿನ ಕಬ್ಬನ್ ಉದ್ಯಾನದ ಕೆಂಪು ಕಟ್ಟಡ ನನಗೆ ನೆನಪಾಗುತ್ತದೆ. 1915ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ ಎದ್ದ ಆ ಭವನದಲ್ಲಿಯೇ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಶಿವನಸಮುದ್ರದ ವಿದ್ಯುತ್ ಯೋಜನೆ ಮೊದಲಾದದ್ದು ಅವರ ಆಡಳಿತದಲ್ಲಿ. 1902ರಲ್ಲಿ ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಯಿತು. 1901ರಲ್ಲಿಯೇ ತೀರಿಕೊಂಡ ಅವರಿಗೆ ಇವೆರಡನ್ನೂ ನೋಡುವ ಭಾಗ್ಯವಿರಲಿಲ್ಲ. ಬೀದಿದೀಪಕ್ಕೂ ಗ್ರಂಥಾಲಯಕ್ಕೂ ಒಂದೇ ಹೆಸರು ತಗಲಿಕೊಂಡಿರುವುದು ಕಾಕತಾಳೀಯವಿರಬಹುದು. ನನಗಂತೂ ಅದು ಪ್ರಿಯವಾದ ಕಾಕತಾಳೀಯ.

ಮರಗಿಡಗಳ ವಿಷಯದಲ್ಲಿಯೂ ಬೆಂಗಳೂರಿನಿಂದ ಕಲಿಯುವುದಿದೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಬೀದಿಯ ಮರಗಳನ್ನು ಆಯ್ದು ನೆಡಿಸಿದರೆಂದು ಪ್ರಸಿದ್ಧಿ. ನಮ್ಮ ಪುಟ್ಟ ಅಂಗಳದಲ್ಲಿ ಅಷ್ಟೆಲ್ಲ ಸಾಧ್ಯವಿಲ್ಲ, ಆದರೆ ಆಯ್ಕೆಗೆ ಅವಕಾಶವಿದೆ. ಗುಲ್‌ಮೊಹರ್ ಕಣ್ಣಿಗೆ ಹಬ್ಬ. ಅದರ ಬೇರು ಮೇಲುಮೇಲಿನದು, ಬಿರುಗಾಳಿಗೆ ನಿಲ್ಲದು. ಆಕಾಶಮಲ್ಲಿಗೆಯ ಕಂಪು ಸೊಗಸು. ಕೊಂಬೆ ಮಾತ್ರ ಪೆಡಸು, ಪಟ್ಟೆಂದು ಮುರಿಯುತ್ತದೆ. ಆಲ, ಅರಳಿ ಪೂಜ್ಯವಾದವು, ಆದರೆ ಅವುಗಳ ಬೇರಿಗೆ ಗೋಡೆ ಅಡ್ಡಿಯಲ್ಲ. ನನ್ನ ಮತ ಹೊಂಗೆಗೆ. ಬೇಸಿಗೆಯ ಬಾಗಿಲಲ್ಲಿ ಹೊಸ ಚಿಗುರು ತಳೆದು ದಟ್ಟವಾದ ನೆರಳು ಕೊಡುವ ಮರ ಅದು. ಅದರ ಸುತ್ತ ಒಂದು ಕಲ್ಲುಕಟ್ಟೆ ಕಟ್ಟಿದರೆ ಒಳಗೆ ಬರಲು ಇನ್ನೂ ಸಂಕೋಚಪಡುವವರೂ ಪತ್ರಿಕೆ ಹಿಡಿದು ಕೂರುತ್ತಾರೆ.

ಬೇಲಿಗಿಡ ಎರಡೂವರೆ ಮೂರು ಅಡಿ ಮೀರಬಾರದು. ಮರದ ಕೊಂಬೆ ಏಳಡಿಗಿಂತ ಕೆಳಗೆ ಇಳಿಯಬಾರದು. ಈ ಎರಡರ ನಡುವೆ ನೋಟ ಬೀದಿಯಿಂದ ಬಾಗಿಲವರೆಗೆ ಹರಿಯಬೇಕು. ಗೋಡೆಗೆ ಒತ್ತಿಕೊಂಡು ಹೂವಿನ ಪಾತಿ ಬೇಡವೇ ಬೇಡ. ದಿನವೂ ನೀರು ಕುಡಿದ ಮಣ್ಣು ಗೋಡೆಗೆ ಥಂಡಿ ಏರಿಸುತ್ತದೆ, ಹಬ್ಬಿದ ಬಳ್ಳಿ ಗೆದ್ದಲಿನ ಮಣ್ಣಿನ ಹಾದಿಯನ್ನು ಮರೆಮಾಡುತ್ತದೆ. ಎರಡು ಮೂರು ಅಡಿ ಅಗಲಕ್ಕೆ ಜಲ್ಲಿ ಹಾಸಿದರೆ ಗೆದ್ದಲು ಎಲ್ಲಿ ಹತ್ತಿದರೂ ಕಾಣುತ್ತದೆ. ಮೆಟ್ಟಿಲ ಪಕ್ಕದಲ್ಲಿ, ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ ಇಳಿಜಾರು ದಾರಿಯೂ ಕೈಹಿಡಿಯೂ ಇರಬೇಕು. ಇದು ದಾಕ್ಷಿಣ್ಯದ ಮಾತಲ್ಲ, ಗಾಲಿಕುರ್ಚಿಯವರ ಹಕ್ಕು.

ಕಡೆಯದಾಗಿ ಫಲಕಗಳು, ಇಲ್ಲಿ ನಾನು ನನ್ನ ಸ್ವಂತ ಸೀಮೆಗೆ ಬಂದೆ. ಇಪ್ಪತ್ತೈದು ಅಡಿ ದೂರಕ್ಕೆ ಒಂದು ಅಂಗುಲವಾದರೂ ಎತ್ತರದ ಅಕ್ಷರ ಬೇಕೆಂಬುದು ಫಲಕ ಬರೆಯುವವರ ಸ್ಥೂಲ ಲೆಕ್ಕ. ಕನ್ನಡಕ್ಕೆ ಇದನ್ನು ಅನ್ವಯಿಸುವಾಗ ಎಚ್ಚರ ಬೇಕು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಎರಡು ಭಾಷೆಗೂ ಸಮನಾದ ಪಟ್ಟಿ ಕೊಟ್ಟರೆ ಒತ್ತಿಗೆ ಜಾಗ ಬಿಡಲು ಕನ್ನಡದ ಮೂಲಾಕ್ಷರವೇ ಕುಗ್ಗುತ್ತದೆ. ಅಂಗುಲದ ಲೆಕ್ಕ ಮೂಲಾಕ್ಷರಕ್ಕೆ ಸಲ್ಲಬೇಕು. ಒತ್ತಿನ ಜಾಗ ಅದರ ಮೇಲಿನ ಮಾತು. ‘ಗ್ರಂಥಾಲಯ’ವೆಂಬ ಶಬ್ದವನ್ನೇ ತೆಗೆದುಕೊಳ್ಳಿ. ಥಕಾರದ ಹೊಟ್ಟೆಯ ಚುಕ್ಕೆ ಬಣ್ಣದಲ್ಲಿ ಮುಚ್ಚಿಹೋದರೆ ಅದು ಧಕಾರವಾಗುತ್ತದೆ. ನಮ್ಮ ಹಳೆಯ ಕಟ್ಟಡ ನಾನು ಕಂಡಂತೆ ಎಷ್ಟೋ ವರ್ಷ ‘ಗ್ರಂಧಾಲಯ’ವಾಗಿಯೇ ಇತ್ತು.

ಬರೆಯುವುದೇನು ಎಂಬುದು ಅದಕ್ಕಿಂತ ಮುಖ್ಯ. ಹಳೆಯ ಅಂಗಳದಲ್ಲಿ ನಾನು ಎಣಿಸಿದ ಫಲಕಗಳು ಏಳು. ಏಳೂ ನಿಷೇಧಗಳೇ: ವಾಹನ ನಿಲ್ಲಿಸಬಾರದು, ಹೂ ಕೀಳಬಾರದು, ಚೀಲ ತರಬಾರದು. ತೆರೆಯುವ ಹೊತ್ತು ಯಾವುದು, ರಜೆ ಎಂದು, ಎಂದು ಹೇಳುವ ಫಲಕ ಒಂದೂ ಇಲ್ಲ. ಓದುಗನ ಕಾಲವನ್ನು ಉಳಿಸಬೇಕೆಂಬುದು 1931ರಲ್ಲಿ ರಂಗನಾಥನ್ ಅವರು ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಆ ಉಳಿತಾಯ ಗೇಟಿನಲ್ಲಿಯೇ ಮೊದಲಾಗಬೇಡವೆ? ಗೇಟಿನ ಫಲಕದಲ್ಲಿ ವೇಳೆ, ರಜೆ, ಜೊತೆಗೆ ಒಂದು ವಾಕ್ಯ, ಇಷ್ಟಿದ್ದರೆ ಸಾಕೆಂದು ನಾನು ಬರೆದುಕೊಟ್ಟೆ: ‘ಸದಸ್ಯರಲ್ಲದವರೂ ಒಳಗೆ ಕುಳಿತು ಓದಬಹುದು.’ ಸಭೆಯಲ್ಲಿ ಒಬ್ಬರು, ಹೀಗೆ ಬರೆದರೆ ಯಾರು ಯಾರೋ ಬಂದಾರೆಂದು ಆತಂಕಪಟ್ಟರು. ಬರಲಿ ಎಂದೇ ಕಟ್ಟುತ್ತಿರುವುದಲ್ಲವೆ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈಗ ನಕ್ಷೆಯ ಬಿಳಿ ಜಾಗದಲ್ಲಿ ಆರು ದೀಪಗಳ ಗುರುತು ಬಿದ್ದಿದೆ. ಹೊಂಗೆಯ ಎರಡು ಸಸಿಗಳನ್ನು ಈ ಮಳೆಗಾಲದಲ್ಲಿಯೇ ನೆಟ್ಟಿದ್ದಾರೆ. ಬಾಗಿಲನ್ನು ಆರಕ್ಕೆ ಮುಚ್ಚುವುದೋ ಎಂಟಕ್ಕೋ ಎಂಬ ವಿಷಯ ಮುಂದಿನ ಸಭೆಗೆ ಬರಲಿದೆ. ಅಂಗಡಿಯ ಹುಡುಗಿಗೆ ಅಂದು ರಜೆ ಸಿಕ್ಕರೆ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗುವವನಿದ್ದೇನೆ.