ಚಿತ್ರ ಬರೆದರೆ ಕೋಡ್ ಬಂತು, ಮುಂದೇನು?

ಚಿತ್ರದಿಂದಲೇ ಸಾಫ್ಟ್‌ವೇರ್ ಹುಟ್ಟಿಸುವ ವಿದ್ಯೆ ವಿಮಾನದಲ್ಲಿ ಗೆದ್ದಿದೆ, ಕಾರಿನಲ್ಲಿ ಗೆದ್ದಿದೆ. ಹಾಗಿದ್ದೂ ಹೆಚ್ಚಿನ ಸಾಫ್ಟ್‌ವೇರ್ ಕಚೇರಿಗಳು ಅದರತ್ತ ತಿರುಗಿಯೂ ನೋಡುತ್ತಿಲ್ಲ. ಸಂಶೋಧಕರ ಮುಂದಿರುವ ಗಂಟುಗಳು ಯಾವುವು?

ಕಾರಿನ ಪವರ್ ವಿಂಡೋ ಗುಂಡಿ ಒತ್ತಿದರೆ ಗಾಜು ಏರುತ್ತದೆ. ನಡುವೆ ಮಗುವಿನ ಕೈ ಸಿಕ್ಕಿದರೆ ತಕ್ಷಣ ನಿಂತು ಕೆಳಗಿಳಿಯಬೇಕು. ಕೈಮೇಲೆ ಬೀಳುವ ಬಲ 100 ನ್ಯೂಟನ್ ದಾಟಬಾರದು. ಇಷ್ಟು ಸಣ್ಣ ಕೆಲಸಕ್ಕೂ ವಾಹನ ಎಂಜಿನಿಯರು ಕೋಡ್ ಬರೆಯಲು ಕೂರುವುದಿಲ್ಲ. ಸಿಮುಲಿಂಕ್ ಎಂಬ ಉಪಕರಣ ತೆರೆದು ಚೌಕಗಳನ್ನು ಎಳೆಯುತ್ತಾರೆ: ‘ನಿಂತಿದೆ’, ‘ಏರುತ್ತಿದೆ’, ‘ಇಳಿಯುತ್ತಿದೆ’, ‘ತುರ್ತು’. ಒಂದರಿಂದ ಇನ್ನೊಂದಕ್ಕೆ ಬಾಣಗಳು. ಚಾಲಕ ‘ಕೆಳಗೆ’ ಒತ್ತಿದ ಗಳಿಗೆಯಲ್ಲೇ ಪಕ್ಕದವರು ‘ಮೇಲೆ’ ಒತ್ತಿದರೆ ಯಾರ ಮಾತು ನಡೆಯಬೇಕು? ಅದಕ್ಕೆ ಬಾಣವೇ ಇಲ್ಲದಿದ್ದರೆ ಚಿತ್ರದಲ್ಲೇ ಗೊತ್ತಾಗುತ್ತದೆ. ಗಾಜು, ಮೋಟಾರು ಯಾವುದೂ ಇಲ್ಲದೆ ಕಂಪ್ಯೂಟರಿನಲ್ಲೇ ಓಡಿಸಿ ನೋಡಬಹುದು. ಎಲ್ಲ ಸರಿಯೆನಿಸಿದ ಮೇಲೆ ಒಂದು ಕ್ಲಿಕ್, ಸಿ ಭಾಷೆಯ ಕೋಡ್ ತಯಾರು. ಬೆಂಗಳೂರಿನ ವಾಹನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇದು ದಿನನಿತ್ಯದ ಕೆಲಸ. ಇಂಥ ಚಿತ್ರವೇ ಮಾಡೆಲ್; ಈ ವಿಧಾನದ ಹೆಸರು ಮಾಡೆಲ್-ಡ್ರಿವನ್ ಎಂಜಿನಿಯರಿಂಗ್.

ಯುದ್ಧವಿಮಾನದಿಂದ ಬಂದ ಚೌಕಗಳು

ಇಂಥ ಚಿತ್ರಗಳ ಬೇರು 1983ರಲ್ಲಿದೆ. ಇಸ್ರೇಲಿನ ಲಾವಿ ಯುದ್ಧವಿಮಾನದ ಎಂಜಿನಿಯರುಗಳಿಗೆ ಸಲಹೆಗಾರರಾಗಿ ಹೋದ ಗಣಕವಿಜ್ಞಾನಿ ಡೇವಿಡ್ ಹರೆಲ್, ವಿಮಾನದ ವರ್ತನೆಯನ್ನು ವಿವರಿಸಲು ಸ್ಟೇಟ್‌ಚಾರ್ಟ್ ಎಂಬ ಚಿತ್ರಭಾಷೆ ರೂಪಿಸಿದರು. 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ (ಒಎಂಜಿ) ಸಾಫ್ಟ್‌ವೇರನ್ನು ಚಿತ್ರಗಳಲ್ಲಿ ಬರೆಯುವ ಯುಎಂಎಲ್ ಭಾಷೆಗೆ ಮಾನದಂಡದ ಮುದ್ರೆ ಒತ್ತಿದಾಗ ಸ್ಟೇಟ್‌ಚಾರ್ಟ್ ಅದರೊಳಗೆ ಸೇರಿತ್ತು. 2001ರಲ್ಲಿ ಅದೇ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಯಂತ್ರದ ಗೊಡವೆಯಿಲ್ಲದೆ ಒಮ್ಮೆ ಮಾಡೆಲ್ ಬರೆಯಿರಿ, ಬೇಕಾದ ವೇದಿಕೆಗೆ ತಕ್ಕ ಕೋಡನ್ನು ಉಪಕರಣವೇ ಹುಟ್ಟಿಸಲಿ ಎಂದಿತು.

ವಿಮಾನದಲ್ಲಿ ಈ ಮಾತು ನಿಜವಾಯಿತು. ಏರ್‌ಬಸ್ ಎ380ರ ಹಾರಾಟ ನಿಯಂತ್ರಣದ ಕೋಡ್ ಸ್ಕೇಡ್ ಎಂಬ ಉಪಕರಣದ ಮಾಡೆಲ್‌ಗಳಿಂದ ಬಂದದ್ದು. ಉಳಿದ ಕಡೆಯ ಚಿತ್ರ ಬೇರೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಮರಿಯನ್ ಪೆಟ್ರೆ 50 ಕಂಪನಿಗಳ 50 ಮಂದಿ ವೃತ್ತಿಪರ ಎಂಜಿನಿಯರುಗಳನ್ನು ಮಾತಾಡಿಸಿ 2013ರಲ್ಲಿ ವರದಿ ಮಾಡಿದರು. 35 ಮಂದಿ ಯುಎಂಎಲ್ ಮುಟ್ಟುತ್ತಲೇ ಇರಲಿಲ್ಲ. ಅದರಿಂದ ಕೋಡ್ ಹುಟ್ಟಿಸುತ್ತಿದ್ದವರು ಮೂವರು. ಪೂರ್ತಿ ಮನಸ್ಸಿನಿಂದ ಎಲ್ಲ ಹಂತದಲ್ಲೂ ಬಳಸುತ್ತಿದ್ದವರು ಒಬ್ಬರೂ ಇಲ್ಲ.

ಎತ್ತು ಏರಿಗೆ, ಕೋಣ ನೀರಿಗೆ

ಆ ಎಂಜಿನಿಯರುಗಳು ಕೊಟ್ಟ ಕಾರಣಗಳಲ್ಲೊಂದು, ಚಿತ್ರವನ್ನೂ ಕೋಡನ್ನೂ ಸರಿಸಮ ಇಟ್ಟುಕೊಳ್ಳುವ ತಾಪತ್ರಯ. ಗಡುವು ಕುತ್ತಿಗೆಗೆ ಬಂದಾಗ ಯಾರೋ ಹುಟ್ಟಿದ ಕೋಡ್‌ಗೇ ನೇರ ಕೈಹಾಕುತ್ತಾರೆ. ಟೆಸ್ಟ್ ಪಾಸಾಗುತ್ತದೆ, ಮಾಡೆಲ್ ಹಳೆಯದೇ ಉಳಿಯುತ್ತದೆ. ಮತ್ತೆ ಕೋಡ್ ಹುಟ್ಟಿಸಿದರೆ ತಿದ್ದುಪಡಿ ಅಳಿಸಿಹೋಯಿತು. ಹುಟ್ಟಿಸದಿದ್ದರೆ ಮಾಡೆಲ್ ಸುಳ್ಳಾಯಿತು.

ತಿದ್ದುಪಡಿಯನ್ನು ತಾನಾಗಿ ಮಾಡೆಲ್‌ಗೆ ಹಿಂದಿರುಗಿಸುವುದು ಹೇಳಿದಷ್ಟು ಸುಲಭವಲ್ಲ. ಬೇರೆ ಬೇರೆ ಮಾಡೆಲ್‌ಗಳು ಒಂದೇ ಕೋಡ್ ಕೊಡಬಹುದು. ಹಿಂದಕ್ಕೆ ಹೋಗುವಾಗ ಯಾವುದನ್ನು ಆರಿಸಬೇಕು? ಒಎಂಜಿಯ ಕ್ಯೂವಿಟಿ ಮಾನದಂಡ ಇಂಥ ಎರಡೂ ದಿಕ್ಕಿನ ರೂಪಾಂತರಕ್ಕೆ ನಿಯಮ ಕೊಡಲು ಹೊರಟಿತ್ತು. ಆ ನಿಯಮಗಳ ಅರ್ಥದಲ್ಲೇ ಗೊಂದಲವಿದೆ ಎಂದು ಎಡಿನ್‌ಬರೋದ ಸಂಶೋಧಕಿ ಪರ್ಡಿಟಾ ಸ್ಟೀವನ್ಸ್ ತೋರಿಸಿಕೊಟ್ಟರು.

ಇನ್ನು ತಂಡದ ಕೆಲಸ. ಒಬ್ಬರು ಓದಲು ಚೆಂದ ಕಾಣಲೆಂದು ‘ತುರ್ತು’ ಚೌಕವನ್ನು ಬಲಕ್ಕೆ ಸರಿಸುತ್ತಾರೆ. ಇನ್ನೊಬ್ಬರು ಅದೇ ಚೌಕಕ್ಕೆ ಹೊಸ ಬಾಣ ಸೇರಿಸುತ್ತಾರೆ. ಮೊದಲನೆಯದರಿಂದ ಗಾಜಿನ ವರ್ತನೆ ಕೂದಲೆಳೆಯಷ್ಟೂ ಬದಲಾಗದು, ಎರಡನೆಯದು ಮಗುವಿನ ಬೆರಳಿಗೆ ಸಂಬಂಧಿಸಿದ್ದು. ಕಡತದೊಳಗೆ ಮಾತ್ರ ಎರಡೂ ಎಕ್ಸ್‌ಎಂಎಲ್ ಸಾಲುಗಳೇ. ಸಾಲು ಹೋಲಿಸುವ ಗಿಟ್ ಎಂಬ ಉಪಕರಣಕ್ಕೆ ಯಾವುದು ಅಂದ, ಯಾವುದು ಅರ್ಥ ಎಂದು ತಿಳಿಯುವುದಿಲ್ಲ. ಎರಡು ಮಾಡೆಲ್‌ಗಳ ವರ್ತನೆಯನ್ನೇ ಹೋಲಿಸಿ ವ್ಯತ್ಯಾಸ ಹೇಳುವ ವಿಧಾನಗಳ ಹಿಂದೆ ಸಂಶೋಧಕರು ಬಿದ್ದಿರುವುದು ಇದಕ್ಕೇ.

ಉಪಕರಣವನ್ನು ನಂಬುವುದು ಹೇಗೆ?

ಮಾಡೆಲ್ ಸರಿಯಿದ್ದು, ಕೋಡ್ ಹುಟ್ಟಿಸುವ ಉಪಕರಣವೇ ತಪ್ಪಿದರೆ? ವಿಮಾನ ಸಾಫ್ಟ್‌ವೇರ್‌ನ ಡಿಒ-178ಸಿ ಮಾನದಂಡದಲ್ಲಿ, ತಪ್ಪಿದರೆ ವಿಮಾನವೇ ಬೀಳಬಹುದಾದ ಸಾಫ್ಟ್‌ವೇರ್‌ಗೆ ‘ಲೆವೆಲ್ ಎ’. ಅದರ ಕೋಡ್ ಹುಟ್ಟಿಸುವ ಉಪಕರಣವೂ ಅಷ್ಟೇ ಕಟ್ಟುನಿಟ್ಟಿನ ಪರೀಕ್ಷೆ ಗೆದ್ದರೆ, ಹುಟ್ಟಿದ ಕೋಡನ್ನು ಮನುಷ್ಯರು ಸಾಲುಸಾಲಾಗಿ ಪರಿಶೀಲಿಸುವ ಹೊರೆ ಇಳಿಯುತ್ತದೆ. ಸ್ಕೇಡ್‌ನಲ್ಲಿ ಕೋಡ್ ಹುಟ್ಟಿಸುವ ಭಾಗವಾದ ಕೆಸಿಜಿ ಆ ಸಾಲಿಗೆ ಸೇರಿದ್ದು. ಆದರೆ ಇಂಥ ಅರ್ಹತೆಗೆ ವರ್ಷಗಟ್ಟಲೆ ಶ್ರಮ ಬೇಕು, ಹಣ ಬೇಕು. ಸಾಮಾನ್ಯ ಕಂಪನಿಗೆ ಎಟುಕುವ ಮಾತಲ್ಲ.

ಭಾಷೆಯ ಭಾರವೂ ಕಡಿಮೆಯಿಲ್ಲ. ಯುಎಂಎಲ್ 2.5ರ ವಿವರಣೆಯೇ ಸುಮಾರು 800 ಪುಟ. ಎಲ್ಲಕ್ಕೂ ಒಂದೇ ದೊಡ್ಡ ಭಾಷೆಯೋ, ಬ್ಯಾಂಕಿಗೊಂದು, ರೈಲಿಗೊಂದು ಎಂದು ಪುಟ್ಟ ಭಾಷೆಗಳೋ? ಪುಟ್ಟದು ಕಲಿಯಲು ಸಲೀಸು, ಆದರೆ ಭಾಷೆ ತಿದ್ದಿದಾಗಲೆಲ್ಲ ಅದರಲ್ಲಿ ಬರೆದಿಟ್ಟ ಮಾಡೆಲ್‌ಗಳನ್ನೂ ತಿದ್ದಬೇಕು. 2007ರಲ್ಲಿ ಸಂಶೋಧಕರಾದ ರಾಬರ್ಟ್ ಫ್ರಾನ್ಸ್ ಮತ್ತು ಬರ್ನ್‌ಹಾರ್ಡ್ ರುಂಪೆ ಈ ಕ್ಷೇತ್ರದ ದಿಕ್ಸೂಚಿ ಬರೆದಾಗ ಗುರುತಿಸಿದ ಗಂಟುಗಳು ಮೂರು: ಭಾಷೆ, ಒಂದೇ ವ್ಯವಸ್ಥೆಯ ಹಲವು ನೋಟಗಳನ್ನು ಬೇರ್ಪಡಿಸಿ ಹೊಂದಿಸುವುದು, ಮಾಡೆಲ್‌ಗಳ ನಿರ್ವಹಣೆ. ಇವತ್ತಿಗೂ ಒಂದೂ ಪೂರ್ತಿ ಬಿಚ್ಚಿಲ್ಲ.

ಎಐ ಬಂದ ಮೇಲೂ

ಮಾತಿನಲ್ಲಿ ಹೇಳಿದರೆ ಎಐ ನೇರವಾಗಿ ಕೋಡ್ ಬರೆಯುವಾಗ ನಡುವೆ ಮಾಡೆಲ್ ಏಕೆ ಎಂಬ ಪ್ರಶ್ನೆ ಸಹಜ. ‘ಕೈ ಅಡ್ಡ ಬಂದರೆ ಗಾಜು ನಿಲ್ಲಲಿ’ ಎಂಬ ಮಾತನ್ನೇ ನೋಡಿ. ನಿಂತರೆ ಸಾಕೇ, ಇಳಿಯಬೇಕೇ? ಎಷ್ಟು ಇಳಿಯಬೇಕು? ಮಾತು ಇದನ್ನು ತೇಲಿಸಿಬಿಡುತ್ತದೆ, ಚೌಕ ಮತ್ತು ಬಾಣ ಕೇಳಿಯೇ ಕೇಳುತ್ತವೆ. ಎಐ ಬರೆದದ್ದನ್ನು ಒರೆಗೆ ಹಚ್ಚಲು ಮಾಡೆಲ್ ಮೊದಲಿಗಿಂತ ಹೆಚ್ಚು ಬೇಕಾಗಬಹುದು. ಅದನ್ನು ಎಐಗೇ ಬರೆಯಲು ಕಲಿಸೋಣವೆಂದರೆ, ಕೋಡ್ ಸಿಗುವಷ್ಟು ಹೇರಳವಾಗಿ ಒಳ್ಳೆಯ ಮಾಡೆಲ್‌ಗಳು ಬಹಿರಂಗವಾಗಿ ಸಿಗುವುದಿಲ್ಲ. ಅವು ಕಂಪನಿಗಳ ಬೀಗದೊಳಗಿವೆ.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಕಾಲದ್ದು. ಏರ್‌ಬಸ್ ಎ300 ಮೊದಲು ಹಾರಿದ್ದು 1972ರಲ್ಲಿ, ತಯಾರಿಕೆ ನಿಂತದ್ದು 2007ರಲ್ಲಿ, ಸರಕು ಹೊತ್ತು ಅದು ಈಗಲೂ ಹಾರುತ್ತಿದೆ. ಅಷ್ಟು ಕಾಲ ಬಾಳುವ ಸಾಫ್ಟ್‌ವೇರ್ ಉಪಕರಣ ಎಷ್ಟಿವೆ? ಈ ಚಿಂತೆಯಿಂದಲೇ ಏರ್‌ಬಸ್ ಪಾಲುದಾರರೊಡನೆ ಟಾಪ್‌ಕೇಸ್ಡ್ ಎಂಬ ಮುಕ್ತ ಉಪಕರಣ ಕಟ್ಟಲು ಹೊರಟಿತ್ತು. ಕೋಡ್ ಹುಟ್ಟಿಸುವ ಕ್ಲಿಕ್ ಈಗ ದೊಡ್ಡ ಸಾಧನೆಯಲ್ಲ. ಬರೆದವರು ಕೆಲಸ ಬಿಟ್ಟು, ಉಪಕರಣದ ಕಂಪನಿ ಕೈಬದಲಾದ ಮೇಲೂ ಹೊಸಬರು ಆ ಮಾಡೆಲ್ ತೆರೆದು, ಅರ್ಥಮಾಡಿಕೊಂಡು, ಧೈರ್ಯವಾಗಿ ಒಂದು ಬಾಣ ಬದಲಿಸುವಂತಿರಬೇಕು. ಸಂಶೋಧನೆಯನ್ನು ಅಳೆಯಬೇಕಾದದ್ದು ಇದರಿಂದ.