ಹಗುರ ಗಾಲಿ ಬೇಕು, ಸರಿ. ಕಡ್ಡಿ ಯಾವುದು ಹಾಕಿಸ್ತೀರಿ?

ಶಕ್ತಿನಗರ: ಇಲ್ಲಿಯ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಚಾಲೂ ಆಯಿತು. ಒಂದೊಂದೇ ಸೇರಿ ಎಂಟು ಘಟಕಗಳಾದವು. ಅಂದಿನಿಂದ ರಾಯಚೂರು ರಸ್ತೆಗೆ ಪುರುಸೊತ್ತು ಅನ್ನುವುದಿಲ್ಲ. ಹಾರುಬೂದಿ ಹೊತ್ತ ಟ್ಯಾಂಕರ್, ಹೈದರಾಬಾದಿನ ಲಾರಿ, ಜನ ತುಂಬಿದ ಬಸ್ಸು. ಇವುಗಳ ಅಂಚಿಗೆ ಅಂಟಿಕೊಂಡು, ತಲೆ ತಗ್ಗಿಸಿ ಪೆಡಲ್ ತುಳಿಯುವ ಹುಡುಗನೊಬ್ಬ ಬಸ್ಸಿನ ಕಿಟಕಿಯಿಂದ ಒಮ್ಮೊಮ್ಮೆ ಕಾಣುತ್ತಾನೆ.

ಗೇರ್ ಸೈಕಲ್ ಕೊಂಡವನಿಗೆ ಆರು ತಿಂಗಳು ಕಳೆಯುವಷ್ಟರಲ್ಲಿ ಒಂದು ಆಸೆ ಹುಟ್ಟುತ್ತದೆ. ಸೈಕಲ್ ಹಗುರವಾಗಬೇಕು. ಫ್ರೇಮ್ ಬದಲಿಸುವುದು ಕೈಗೆಟುಕದ ಮಾತು. ಹಾಗಾಗಿ ಕಣ್ಣು ಬೀಳುವುದು ಗಾಲಿಯ ಮೇಲೆ. "ಚಾಚಾ, ಗಾಲಿ ಹಗೂರ ಆಗಬೇಕ್ರಿ, ಎಷ್ಟ ಖರ್ಚ ಬರ್ತದ?" ಎಂದು ಹುಡುಗ ಕೇಳಿದರೆ, ಕಸುಬು ಬಲ್ಲ ಮಿಸ್ತ್ರಿ ದರ ಹೇಳುವುದಿಲ್ಲ. "ನಿನ್ನ ತೂಕ ಎಷ್ಟದ, ಅದನ್ನ ಮೊದಲ ಹೇಳಪಾ" ಎನ್ನುತ್ತಾನೆ. ಎಲ್ಲ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ಹಳೆಯ ಕರಿ ಸೈಕಲ್ಲನ್ನೇ ನೋಡಿ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಹಿಂದೆ ಯಾಕೆ ಹೆಚ್ಚು? ಸವಾರನ ಭಾರ ಹೆಚ್ಚು ಬೀಳುವುದೇ ಅಲ್ಲಿ; ಅದರ ಮೇಲೆ ಹಾಲಿನ ಕ್ಯಾನು, ಜೋಳದ ಚೀಲ, ಹೆಂಡತಿ, ಎರಡು ಮಕ್ಕಳು. 2 ಮಿ.ಮೀ. ದಪ್ಪದ ಒಂದು ಉಕ್ಕಿನ ಕಡ್ಡಿ ಸುಮಾರು 7 ಗ್ರಾಂ ತೂಗುತ್ತದೆ. 72 ಕಡ್ಡಿ ಸೇರಿದರೆ ಅರ್ಧ ಕಿಲೋ. ಅದರ ಮೇಲೆ ಉಕ್ಕಿನ ರಿಮ್ಮು, ದಪ್ಪ ಟೈರು. ಆ ಗಾಲಿಗಳು ಮೂವತ್ತು ವರ್ಷ ಓಡಿದವು ಎಂದರೆ ಆಶ್ಚರ್ಯವೇನಿಲ್ಲ.

ಈಗಿನ ಸವಾರನಿಗೆ ಜೋಳದ ಚೀಲ ಹೊರುವ ಕೆಲಸವಿಲ್ಲ. ಮುಂದೆ 24, ಹಿಂದೆ 28 ಕಡ್ಡಿ ಸಾಕು ಎಂದಿಟ್ಟುಕೊಳ್ಳಿ. ತುದಿ ದಪ್ಪ, ನಡು ಸಣ್ಣ ಇರುವ ಕಡ್ಡಿ ಹಾಕಿದರೆ ತಲಾ 6 ಗ್ರಾಂ. ಒಟ್ಟು 300 ಗ್ರಾಂ ಚಿಲ್ಲರೆ. ಇನ್ನೂರು ಗ್ರಾಂ ಉಳಿಯಿತು. ಕೇಳಲು ಚೆಂದ. ಆದರೆ ಬೆಳಗ್ಗೆ ಒಂದು ಪ್ಲೇಟು ಮಿರ್ಚಿ ಭಜಿ ಬಿಟ್ಟರೂ ಅಷ್ಟೇ ಉಳಿಯುತ್ತದಲ್ಲ ಎಂದು ಅಂಗಡಿಯ ಕಟ್ಟೆ ಮೇಲೆ ಕೂತವರು ನಗುತ್ತಾರೆ.

ನಗುವವರ ಮಾತು ಅರ್ಧ ಸತ್ಯ. ಗಾಲಿಯ ಅಂಚಿನ ತೂಕ ಮುಂದಕ್ಕೂ ಹೋಗಬೇಕು, ಸುತ್ತಲೂ ತಿರುಗಬೇಕು. ಹಾಗಾಗಿ ನಿಂತ ಸೈಕಲ್ ಎತ್ತಿಕೊಳ್ಳುವಾಗ ರಿಮ್ಮು, ಟೈರಿನ ಒಂದು ಗ್ರಾಂ ಫ್ರೇಮಿನ ಎರಡು ಗ್ರಾಮಿಗೆ ಸಮ. ಒಮ್ಮೆ ಓಟಕ್ಕೆ ಬಿದ್ದ ಮೇಲೆ ಸಪಾಟು ರಸ್ತೆಯಲ್ಲಿ ಆ ಲಾಭ ಕಾಣುವುದಿಲ್ಲ. ಅಲ್ಲಿ ಎದುರಾಳಿ ಗಾಳಿ. ಶಕ್ತಿನಗರದಿಂದ ರಾಯಚೂರಿಗೆ ಸುಮಾರು 20 ಕಿ.ಮೀ. ದಾರಿಯಲ್ಲಿ ಬೆಟ್ಟ ಹತ್ತುವುದೇನಿದೆ?

ಉಳಿಸಬಾರದ ಕಡೆ ಉಳಿಸಿದರೆ

ಹಾಗಾದರೆ ತೂಕ ಎಲ್ಲಿ ಇಳಿಸಬೇಕು? ಹೆಚ್ಚಿನವರು ತಪ್ಪುವುದು ಇಲ್ಲೇ. ರಿಮ್ಮು ತೆಳ್ಳಗಿನದು, ಕಡ್ಡಿ ಕಡಿಮೆ, ನಿಪ್ಪಲ್ ಅಲ್ಯುಮಿನಿಯಂ ಎಂದು ಮೂರೂ ಕಡೆ ಒಟ್ಟಿಗೆ ಕತ್ತರಿ ಹಾಕುತ್ತಾರೆ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲೇ ಸೈಕಲ್ 6.8 ಕಿಲೋಗಿಂತ ಕಡಿಮೆ ತೂಗುವಂತಿಲ್ಲ. ಗುಂಪು ಓಟದ ಗಾಲಿಗೆ 12 ಕಡ್ಡಿಗಿಂತ ಕಡಿಮೆ ಇರುವಂತಿಲ್ಲ. ಹಿಂದೆ ಬಿಡಿ ಗಾಲಿ ಹೊತ್ತ ಕಾರು ಬರುವ ಆಟಗಾರರಿಗೇ ಇಷ್ಟು ಕಟ್ಟಳೆ. ಇಲ್ಲಿ ಹಿಂದೆ ಬರುವುದು ಬೂದಿ ಟ್ಯಾಂಕರ್.

ಕಡ್ಡಿ ಕಡಿಮೆಯಾದಷ್ಟೂ ಒಂದೊಂದರ ಹೊಣೆ ಹೆಚ್ಚು. 36 ಕಡ್ಡಿಯಲ್ಲಿ ಒಂದು ಮುರಿದರೆ ಗಾಲಿ ಸ್ವಲ್ಪ ಔಟ್ ಬಂದು, ತೂರಾಡಿಕೊಂಡು ಮನೆ ಮುಟ್ಟಿಸುತ್ತದೆ. 20ರಲ್ಲಿ ಒಂದು ಮುರಿದರೆ ರಿಮ್ಮು ಬ್ರೇಕಿಗೋ ಫ್ರೇಮಿಗೋ ಉಜ್ಜಿ ಅಲ್ಲೇ ನಿಲ್ಲಿಸಬಹುದು. ಎಂಬತ್ತು ಕಿಲೋ ಮೇಲಿನ ಆಸಾಮಿ ಹಿಂದಿನ ಗಾಲಿಗೆ 32 ಕಡ್ಡಿಗಿಂತ ಕೆಳಗಿಳಿಯದಿದ್ದರೆ ಕ್ಷೇಮ. 55 ಕಿಲೋ ಹುಡುಗ 28ರಲ್ಲಿ ಆರಾಮಾಗಿ ಓಡಿಸಬಹುದು.

ನಡು ಸಣ್ಣ ಇರುವ ಕಡ್ಡಿ ದುರ್ಬಲ ಎಂಬ ನಂಬಿಕೆಯೊಂದಿದೆ. ವಾಸ್ತವ ಉಲ್ಟಾ. ಕಡ್ಡಿ ಸಾಮಾನ್ಯವಾಗಿ ಮುರಿಯುವುದು ನಡುವೆ ಅಲ್ಲ. ಹಬ್ಬಿನ ಹತ್ತಿರದ ಬಾಗಿನಲ್ಲಿ, ಇಲ್ಲವೇ ನಿಪ್ಪಲ್ ಕೂರುವ ಮರೆಯಲ್ಲಿ. ನಡು ಸಣ್ಣಗಿದ್ದರೆ ತಗ್ಗಿಗೆ ಬಿದ್ದಾಗ ಅದು ಕೊಂಚ ಹಿಗ್ಗಿ ಏಟನ್ನು ನುಂಗುತ್ತದೆ, ಬಾಗಿಗೆ ಬೀಳುವ ಭಾರ ಕಡಿಮೆಯಾಗುತ್ತದೆ. ತೂಕವೂ ಇಳಿದು ಬಾಳಿಕೆಯೂ ಹೆಚ್ಚುವ ಅಪರೂಪದ ಖರ್ಚು ಇದು. ರೊಕ್ಕ ಇದ್ದರೆ ಇಲ್ಲಿ ಹಾಕಬೇಕು.

ನಿಪ್ಪಲ್ ಹಿತ್ತಾಳೆಯದೇ ಇರಲಿ. ಅಲ್ಯುಮಿನಿಯಂ ನಿಪ್ಪಲ್ ಇಡೀ ಸೈಕಲ್ಲಿಗೆ ಉಳಿಸುವುದು ಮೂವತ್ತು-ನಲವತ್ತು ಗ್ರಾಂ. ಎರಡು ಮಳೆಗಾಲ ನೆನೆದು ಕಡ್ಡಿಗೆ ಕಚ್ಚಿಕೊಂಡರೆ ಚಾವಿ ಹಾಕಿದಾಗ ಪುಡಿಯಾಗುತ್ತದೆ.

ರಿಮ್ಮಿನ ವಿಚಾರಕ್ಕೆ ಬಂದರೆ, ಎರಡು ಗೋಡೆಯ ಅಲ್ಯುಮಿನಿಯಂ ರಿಮ್ಮೇ ಈ ಭಾಗಕ್ಕೆ ಸರಿ. ಸುಮಾರು ಅರ್ಧ ಕಿಲೋ ಒಳಗೆ ಸಿಗುತ್ತದೆ. ಕಾರ್ಬನ್ ರಿಮ್ಮು ಗಾಳಿ ಸೀಳುವುದು ನಿಜ, ಆದರೆ ಒಂದು ಆಳ ತಗ್ಗಿಗೆ ಬಿದ್ದು ಸೀಳಿದರೆ ಆ ರೊಕ್ಕ ಹೋದ ಹಾಗೆ. ಅಲ್ಯುಮಿನಿಯಂ ಬಗ್ಗಿದರೆ ಒಂದಿಷ್ಟಾದರೂ ಎಬ್ಬಿಸಬಹುದು. ರಿಮ್ಮಿಗೇ ಬ್ರೇಕ್ ಕಚ್ಚುವ ಸೈಕಲ್ಲಿನವರು ಇನ್ನೊಂದು ನೋಡಿಕೊಳ್ಳಬೇಕು. ಮರಳು, ಬೂದಿ ಬ್ರೇಕ್ ರಬ್ಬರಿಗೆ ಮೆತ್ತಿಕೊಂಡರೆ ಅದು ಅರದ ಹಾಗೆ ರಿಮ್ಮಿನ ಗೋಡೆ ತಿನ್ನುತ್ತದೆ. ಬೆರಳು ಆಡಿಸಿದಾಗ ಗೋಡೆ ಒಳಕ್ಕೆ ಗುಳಿ ಬಿದ್ದಂತಿದ್ದರೆ ಆ ರಿಮ್ಮು ಮುಗಿಯಿತು. ಟ್ಯೂಬಿನ ಒತ್ತಡಕ್ಕೆ ಒಂದು ದಿನ ಓಟದಲ್ಲೇ ಸಿಡಿಯುತ್ತದೆ.

ಹಬ್ಬಿಗೆ ತೂಕ ನೋಡಲೇಬೇಡಿ ಎನ್ನುತ್ತಾರೆ ಬಲ್ಲವರು. ಅದು ಗಾಲಿಯ ನಡುವಿನಲ್ಲಿರುವುದರಿಂದ ಅಲ್ಲಿಯ ಐವತ್ತು ಗ್ರಾಂ ಕಾಲಿಗೆ ತಿಳಿಯುವುದಿಲ್ಲ. ದೂಳು ಹೋಗದ ಹಾಗೆ ಮುಚ್ಚಿದ ಬೇರಿಂಗ್ ಇದೆಯೋ ಎಂದಷ್ಟೇ ನೋಡಿದರೆ ಸಾಕು. ಡಿಸ್ಕ್ ಬ್ರೇಕ್ ಇದ್ದರೆ ಕಡ್ಡಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿಯೇ ಕಟ್ಟಬೇಕು. ಹಬ್ಬಿನಿಂದ ನೇರ ಎಳೆದು ಕಟ್ಟಿದರೆ ಬ್ರೇಕಿನ ತಿರುಚು ತಡೆಯುವುದಿಲ್ಲ.

ತೂಕ ಇಳಿಸಲು ಸುಲಭದ ಜಾಗ ಟೈರು, ಟ್ಯೂಬು. ಗ್ರಾಮಿಗೆ ಲೆಕ್ಕ ಹಾಕಿದರೆ ಅತಿ ಅಗ್ಗವೂ ಹೌದು. ಆದರೆ ರಾಯಚೂರು ಸೀಮೆಯಲ್ಲಿ ಬಳ್ಳಾರಿ ಜಾಲಿ ಎಂಬ ಪ್ರಾಣಿ ಇದೆ. ರಸ್ತೆಯ ಎರಡೂ ಮಗ್ಗುಲು ಬೆಳೆದ ಆ ಮುಳ್ಳಿಗೆ ಕಾಗದದಂಥ ಟೈರು ಒಂದು ತುತ್ತು. ಒಳಗೆ ಹಾಲಿನಂಥ ದ್ರವ ಹಾಕುವ ಟ್ಯೂಬ್‌ಲೆಸ್ ಟೈರು ಸಣ್ಣ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲಿಯ ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಆ ದ್ರವ ಬೇಗ ಒಣಗುವುದರಿಂದ ಆಗಾಗ ತೆರೆದು ನೋಡಬೇಕು.

ಕೈ ಮತ್ತು ಕಿವಿ

ಇಷ್ಟೆಲ್ಲ ಸಾಮಾನು ತಂದರೂ ಗಾಲಿ ಆಗುವುದಿಲ್ಲ. ಅದನ್ನು ಕಟ್ಟಬೇಕು. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ ಸೈಕಲ್ ಗಾಲಿಯ ಬಗ್ಗೆಯೇ 1981ರಲ್ಲಿ ಒಂದು ಪುಸ್ತಕ ಬರೆದ. ಬಿಗಿದ ಗಾಲಿಯಲ್ಲಿ ಭಾರ ಬಿದ್ದಾಗ ನೆಲದ ಕಡೆಯ ಕಡ್ಡಿಗಳ ಬಿಗಿ ಇಳಿಯುತ್ತದೆ, ಉಳಿದವುಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ಎಂಬುದನ್ನು ಲೆಕ್ಕ ಸಮೇತ ತೋರಿಸಿದ. ಬಿಗಿ ಸಾಲದಿದ್ದರೆ ಪ್ರತಿ ಸುತ್ತಿಗೂ ಕಡ್ಡಿ ಸಡಿಲ-ಬಿಗಿ, ಸಡಿಲ-ಬಿಗಿ ಆಗಿ ಕೊನೆಗೆ ತಂತಿ ಬಗ್ಗಿಸಿ ಮುರಿದ ಹಾಗೆ ಮುರಿಯುತ್ತದೆ. ಹಿಂದಿನ ಗಾಲಿಯ ಚೈನಿನ ಮಗ್ಗುಲಲ್ಲಿ ಒಂದೊಂದು ಕಡ್ಡಿಗೆ ನೂರು ಕಿಲೋ ಆಸುಪಾಸಿನ ಎಳೆತ ಇರಬೇಕು. ಅಳೆಯಲು ಮೀಟರ್ ಬಂದಿದೆ. ಹಳೆಯ ಮಿಸ್ತ್ರಿ ಬೆರಳಿನಿಂದ ಕಡ್ಡಿ ಮೀಟಿ, ಒಂದೇ ಮಗ್ಗುಲಿನ ಎಲ್ಲವೂ ಒಂದೇ ಸ್ವರ ಹೊರಡಿಸುತ್ತವೆಯೇ ಎಂದು ಕೇಳುತ್ತಾನೆ.

ಆ ಕಿವಿಗೆ ಈಗ ಗಿರಾಕಿ ಎಲ್ಲಿ? ಬಾಡಿಗೆ ಸೈಕಲ್ ಅಂಗಡಿಗಳ ಕಾಲ ಮುಗಿಯಿತು. ಎಂಟನೇ ಇಯತ್ತೆಯ ಮಕ್ಕಳಿಗೆ 2006-07ರಲ್ಲಿ ಶುರುವಾದ ಸರ್ಕಾರಿ ಸೈಕಲ್ ಕೋವಿಡ್ ಕಾಲದಲ್ಲಿ ನಿಂತಿತು. ಅಟ್ಲಾಸ್ ಕಂಪನಿ 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನವೇ, ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಹೊಸ ಸೈಕಲ್ಲಿನ ಗಾಲಿ ಯಂತ್ರದಲ್ಲೇ ಕಟ್ಟಿ ಬರುತ್ತದೆ. ರೇಸ್ ಸೈಕಲ್ಲಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಗಾದರೂ ಈ ಕಸುಬಿಗೆ ಕೆಲಸವಿದೆ. ರೈತರ ಮಕ್ಕಳು ಸಾಲ ಮಾಡಿ ಕೊಂಡ ಗಾಲಿಯನ್ನು ಅಷ್ಟು ಸುಲಭಕ್ಕೆ ಎಸೆಯುವುದಿಲ್ಲ.

ಶಕ್ತಿನಗರದವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಪ್ಪಟೆ ಕಡ್ಡಿ, ನೇರ ತಲೆಯ ಕಡ್ಡಿ ನೋಡಲು ಸೊಗಸು. ಒಂದು ಮುರಿದರೆ ಹೈದರಾಬಾದಿಗೋ ಬೆಂಗಳೂರಿಗೋ ಹೇಳಿಕಳಿಸಿ ವಾರಗಟ್ಟಲೆ ಕಾಯಬೇಕು. ತಲೆ ಬಾಗಿದ ಸಾದಾ ಕಡ್ಡಿಯಾದರೆ ಯಾವ ಮಿಸ್ತ್ರಿಯೂ ಹಾಕಿಕೊಡುತ್ತಾನೆ. ಕಟ್ಟಿಸುವ ದಿನವೇ ಅದೇ ಉದ್ದದ ಮೂರು-ನಾಲ್ಕು ಕಡ್ಡಿ ಹೆಚ್ಚಿಗೆ ಇಸಕೊಂಡು, ಎರಡನ್ನು ಫ್ರೇಮಿಗೆ ಟೇಪ್ ಸುತ್ತಿ ಇಟ್ಟುಕೊಳ್ಳಬೇಕು. ನೂರೈವತ್ತು ಕಿ.ಮೀ. ಓಡಿದ ಮೇಲೆ ಗಾಲಿಯನ್ನು ಮತ್ತೆ ಅದೇ ಅಂಗಡಿಗೆ ಒಯ್ದರೆ, ಎಲ್ಲಾದರೂ ಕಡ್ಡಿ ಸಡಿಲಾಗಿದ್ದರೆ ಮಿಸ್ತ್ರಿ ಕಾಲು ಸುತ್ತು ಬಿಗಿದು ಕೊಡುತ್ತಾನೆ.