ಅಡಿಕೆ ಶೆಡ್ಡಿನ ಡ್ರೈವು, ರೇಡಿಯೋದ ಗೊರಗೊರ

ಹೊಸನಗರದಿಂದ ನಗರ ಎಂಬ ಊರಿಗೆ ಹೋಗುವ ರಸ್ತೆ ಬಿಟ್ಟು ಒಳಗಿಳಿದರೆ ತೋಟದಂಚಿನಲ್ಲೊಂದು ಮನೆ, ಮಗ್ಗುಲಲ್ಲೇ ಅಡಿಕೆ ಸುಲಿಯುವ ಶೆಡ್ಡು. ಕೊಯ್ಲಿನ ಕಾಲವಾದ್ದರಿಂದ ಹಸಿ ಸಿಪ್ಪೆಯ ರಾಶಿ ಬಾಗಿಲವರೆಗೂ ಬಂದಿದೆ. ಮನೆಗೆ ಬಂದಿರುವುದು ಸಿಂಗಲ್ ಫೇಸ್, ಮಷೀನಿನದು ತ್ರೀ ಫೇಸ್ ಮೋಟಾರು. ನಡುವೆ ಒಂದು ಡ್ರೈವು, ಅಂದರೆ ಮೋಟಾರಿನ ಇನ್ವರ್ಟರ್. ಅದು ಓಡುವಾಗ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಹಿಡಿದರೆ ಬರೀ ಗೊರಗೊರ. ಅಡಿಕೆ ಒಣಗಿಸುವ ಡ್ರೈಯರಿನ ಉಷ್ಣಾಂಶ ತೋರಿಸುವ ಅಂಕಿಗಳೂ ನಿಂತಲ್ಲಿ ನಿಲ್ಲುತ್ತಿಲ್ಲ.

“ಅರ್ಥ್ ಗುಂಡಿಗೆ ಇನ್ನೊಂದು ಮೂಟೆ ಉಪ್ಪು, ಇದ್ದಿಲು ಹಾಕ್ಸಿದೆ,” ಎಂದರು ಯಜಮಾನರು.

“ಗುಂಡಿ ಬೇಕು ಗೌಡ್ರೇ, ಆದ್ರೆ ಅದ್ರಿಂದ ಈ ಸದ್ದು ಹೋಗಲ್ಲ ಮಾರಾಯ್ರೆ,” ಎಂದ ಎಲೆಕ್ಟ್ರಿಷಿಯನ್.

ಆತನ ಮಾತು ಸರಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಸರಿಯಾಗಿ ಸಿಗುವುದಿಲ್ಲ. ಜೀವ ಉಳಿಸಲು ಆ ಗುಂಡಿ ಬೇಕೇ ಬೇಕು. ಸದ್ದಿನ ಕಥೆ ಬೇರೆ. ಡ್ರೈವು 230 ವೋಲ್ಟ್ ಎಸಿಯನ್ನು ಸುಮಾರು 325 ವೋಲ್ಟ್ ಡಿಸಿ ಮಾಡಿ, ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಮೋಟಾರಿಗೆ ಕೊಡುತ್ತದೆ. ಪ್ರತಿ ಕಡಿತಕ್ಕೂ ಕೇಬಲ್ಲಿನಿಂದ, ಮೋಟಾರಿನ ಸುರುಳಿಯಿಂದ ಒಂದಿಷ್ಟು ಕರೆಂಟು ಸುತ್ತಲಿನ ಲೋಹಕ್ಕೆ ಸೋರುತ್ತದೆ. ಅದು ಡ್ರೈವಿಗೇ ಮರಳಬೇಕು. ಹತ್ತಿರದ ದಾರಿ ಇಲ್ಲದಿದ್ದರೆ ಮಣ್ಣು, ಮನೆಯ ವೈರಿಂಗು, ಸೆನ್ಸರ್ ತಂತಿ ಎಲ್ಲವನ್ನೂ ಬಳಸಿ ಬರುತ್ತದೆ. ಆ ಸುತ್ತು ಎಷ್ಟು ದೊಡ್ಡದೋ ರೇಡಿಯೋಕ್ಕೆ ಅಷ್ಟು ತೊಂದರೆ.

ಇಲ್ಲಿ ಆಗಿದ್ದೂ ಅದೇ. ಡ್ರೈವಿನ ಮುಚ್ಚಳ ತೆಗೆಯುವ ಮುನ್ನ ಮೇನ್ ಸ್ವಿಚ್ ಇಳಿಸಿ ಹತ್ತು ನಿಮಿಷ ಕಾದೆವು. ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಅವಸರ ಮಾಡಿದರೆ ಪ್ರಾಣಕ್ಕೇ ಅಪಾಯ. ಮೋಟಾರಿನ ಕೇಬಲ್ಲಿಗೆ ತಾಮ್ರದ ಜಾಲರಿ ಹೊದಿಕೆ ಇತ್ತು. ಅದನ್ನು ಗೇಣುದ್ದ ಬಿಚ್ಚಿ, ಜಡೆಯಂತೆ ಹೊಸೆದು, ಒಂದು ಸ್ಕ್ರೂಗೆ ಸಿಕ್ಕಿಸಿದ್ದರು. ಮೋಟಾರಿನ ತುದಿಯಲ್ಲಿ ಕತ್ತರಿಸಿಯೇ ಬಿಟ್ಟಿದ್ದರು. ಇಷ್ಟು ವೇಗದ ಕರೆಂಟಿಗೆ ಗೇಣುದ್ದದ ಹೊಸೆದ ತಂತಿಯೂ ದೊಡ್ಡ ಅಡ್ಡಿ. ಎಲೆಕ್ಟ್ರಿಷಿಯನ್ ಡ್ರೈವಿನ ಪೆಟ್ಟಿಗೆಯ ತಗಡಿನ ಬಣ್ಣವನ್ನು ಹೊಳಪು ಬರುವ ತನಕ ಕೆರೆದು, ಜಾಲರಿಯ ಸುತ್ತಳತೆ ಪೂರ್ತಿ ಹಿಡಿಯುವಂತೆ ಕ್ಲಾಂಪ್ ಬಿಗಿದ. ಮೋಟಾರಿನ ತುದಿಯಲ್ಲೂ ಹಾಗೆಯೇ. ಕೇಬಲ್ಲಿನೊಳಗಿನ ಅರ್ಥ್ ತಂತಿಯನ್ನು ಮೋಟಾರಿನ ಬಾಡಿಯಿಂದ ನೇರ ಡ್ರೈವಿನ ಅರ್ಥ್ ಟರ್ಮಿನಲ್ಲಿಗೆ ತಂದ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದು; ಸದ್ದು ತಡೆಯುವ ಫಿಲ್ಟರ್ ಕೊಳ್ಳುವುದು ಇದಾದ ಮೇಲಿನ ಮಾತು.

ಡ್ರೈಯರಿನ ಸೆನ್ಸರ್ ತಂತಿಯನ್ನು ಮೋಟಾರ್ ಕೇಬಲ್ಲಿನ ಜೊತೆಗೇ ಕಟ್ಟಿದ್ದರು. ಅದನ್ನು ಬಿಡಿಸಿ ಒಂದಡಿ ದೂರ ಎಳೆದದ್ದಾಯಿತು, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದ್ದಾಯಿತು. ಸ್ವಿಚ್ ಹಾಕಿದರೆ ಅಂಕಿಗಳು ಕದಲಲಿಲ್ಲ. ರೇಡಿಯೋದಲ್ಲಿ ಮಾತು ಕೇಳಿಸಿತು, ಹಿಂದೆ ಸಣ್ಣ ಗುಂಯ್‌ಗುಡುವಿಕೆ ಉಳಿದಿತ್ತು.

ಬಾವಿಯ ಪಂಪಿಗೂ ಡ್ರೈವು ಹಾಕಿಸುವ ಯೋಚನೆ ಯಜಮಾನರಿಗಿದೆ. ಅಲ್ಲಿನ ಹಳೇ ಸ್ಟಾರ್ಟರಿನಲ್ಲಿ ಕೆಪಾಸಿಟರ್ ಇದೆ. “ಮೊದ್ಲು ಅದನ್ನ ತೆಗೀಬೇಕು,” ಎಂದ ಎಲೆಕ್ಟ್ರಿಷಿಯನ್, “ಡ್ರೈವಿನ ಔಟ್‌ಪುಟ್ಟಿಗೆ ಕೆಪಾಸಿಟರ್ ಸಿಕ್ರೆ ಡ್ರೈವೇ ಸುಟ್ಟು ಹೋಗುತ್ತೆ.”